ಐನ್ಸೀಡೆಲ್ನ್ ಕ್ಷೇತ್ರದ ಸ್ಥಳಪುರಾಣವೂ ಚರಿತ್ರೆಯೂ

ಸ್ಥಳಪುರಾಣಗಳನ್ನು ಚರಿತ್ರಕಾರನು ಹೇಗೆ ಬಳಸಿಕೊಳ್ಳಬೇಕೆಂಬ ವಿಷಯದಲ್ಲಿ ನಮ್ಮ ವಿದ್ವಾಂಸರೊಳಗೆ ಎರಡು ಪಕ್ಷಗಳುಂಟು. ಪುರಾಣದಲ್ಲಿ ಹೇಳಿದುದೆಲ್ಲವೂ ನಡೆದುದೇ ಎಂಬುದು ಒಂದು ಪಕ್ಷ. ಶಾಸನಕ್ಕೆ ನಿಲುಕದುದೆಲ್ಲವೂ ಕಟ್ಟುಕಥೆಯಾದುದರಿಂದ ತ್ಯಾಜ್ಯವೆಂಬುದು ಇನ್ನೊಂದು. ಇವೆರಡೂ ಸಾಲವೆಂದು ನನ್ನ ಅಭಿಪ್ರಾಯ. ಅದನ್ನು ತೋರಿಸುವುದಕ್ಕಾಗಿ, ಸ್ವದೇಶದ ಅಭಿಮಾನವಾಗಲಿ ಮತ್ಸರವಾಗಲಿ ಅಡ್ಡಬಾರದಂತಹ ದೂರದ ಕ್ಷೇತ್ರವೊಂದನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಅದು ಸ್ವಿಟ್ಸರ್ಲೆಂಡು ದೇಶದ ಷ್ವೀಟ್ಸ್ ಪ್ರಾಂತದಲ್ಲಿರುವ ಐನ್ಸೀಡೆಲ್ನ್ ಎಂಬ ಕೆಥೊಲಿಕ ಯಾತ್ರಾಸ್ಥಳ. ಸಂತ ಬೆನೆಡಿಕ್ಟನ ನಿಯಮವನ್ನನುಸರಿಸುವ ಸಂನ್ಯಾಸಿಗಳ ಮಠವೊಂದು ಅಲ್ಲಿ ಸಾವಿರ ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದಿರುವುದು.

ಏಕಾಂತವಾಸಿಯ ನೆಲೆಯೆಂಬುದೇ ಆ ಹೆಸರಿನ ಭಾವ. ಒಂಬತ್ತನೆಯ ಶತಮಾನದಲ್ಲಿ ರೈಖೆನೌ ಮಠದ ಮೈನ್ರಾಡನೆಂಬ ಸಂನ್ಯಾಸಿಯು ಜನಸಂಪರ್ಕವನ್ನು ಬಿಟ್ಟು, 'ಕತ್ತಲೆಯ ಕಾಡು' ಎನ್ನಿಸಿಕೊಂಡಿದ್ದ ಈ ಅರಣ್ಯವನ್ನು ಹೊಕ್ಕು ತಪೋನಿರತನಾಗಿದ್ದನು. ೮೬೧ನೆಯ ಜನವರಿ ೨೧ರಂದು, ತಾನೇ ಅನ್ನವಿತ್ತು ಸತ್ಕರಿಸಿದ ಇಬ್ಬರು ಅತಿಥಿಗಳಿಂದ ಅವನು ಹತನಾದನು. ಅವನು ಸಾಕಿದ್ದ ಎರಡು ಕಾಡುಕಾಗೆಗಳು ಆ ಕೊಲೆಗಾರರನ್ನು ಜ್ಯೂರಿಕ್ ಪಟ್ಟಣದವರೆಗೂ ಬೆನ್ನಟ್ಟಿ ಹಿಡಿಸಿಕೊಟ್ಟವೆಂದು ಐತಿಹ್ಯವಿದೆ. ಮಠದ ಲಾಂಛನದಲ್ಲಿ ಆ ಹಕ್ಕಿಗಳು ಇಂದಿಗೂ ಇವೆ. ಗುಡಿಸಲು ಬಹುಕಾಲ ಹಾಗೆಯೇ ಇದ್ದು, ೯೩೪ರಲ್ಲಿ ಸ್ಟ್ರಾಸ್‌ಬುರ್ಗಿನ ಎಬರ್ಹಾರ್ಡನು ಅಲ್ಲಿ ಮಠವನ್ನು ಕಟ್ಟಿಸಿ ಅದರ ಮೊದಲನೆಯ ಅಧಿಪತಿಯಾದನು. ೯೪೭ರಲ್ಲಿ ಒಂದನೆಯ ಆಟೋ ರಾಜನು, ತಮ್ಮ ಮಠಾಧಿಪತಿಯನ್ನು ತಾವೇ ಆರಿಸಿಕೊಳ್ಳುವ ಹಕ್ಕನ್ನು ಆ ಸಂನ್ಯಾಸಿಗಳಿಗೆ ಕೊಟ್ಟನು. ಇಷ್ಟು ಪ್ರಮಾಣಸಿದ್ಧವಾದ ಮಾತು.

ಇನ್ನು ಪುರಾಣವನ್ನು ನೋಡೋಣ. ೯೪೮ನೆಯ ಸೆಪ್ಟೆಂಬರ್ ೧೪ರಂದು ಕಾನ್‌ಸ್ಟನ್ಸಿನ ಬಿಷಪ್ಪನಾದ ಕಾನ್ರಾಡನು ಗುಡಿಯ ಪ್ರತಿಷ್ಠೆಗೆಂದು ಬಂದಿದ್ದನಂತೆ. ಹಿಂದಿನ ರಾತ್ರಿ ಅವನು ಪ್ರಾರ್ಥನೆಯಲ್ಲಿದ್ದಾಗ ಯೇಸುಸ್ವಾಮಿಯೇ ದೇವದೂತರೊಡನೆ ಇಳಿದುಬಂದು ಪ್ರತಿಷ್ಠಾವಿಧಿಯನ್ನು ನೆರವೇರಿಸಿದುದನ್ನು ಕಂಡನಂತೆ. ಬೆಳಗ್ಗೆ ಅವನು ವಿಧಿಯನ್ನು ಆರಂಭಿಸಲು, ಗುಡಿಯು ದೈವದಿಂದಲೇ ಪ್ರತಿಷ್ಠಿತವಾಗಿದೆ, ನಿಲ್ಲಿಸು ಎಂಬ ಅಶರೀರವಾಣಿಯಾಯಿತಂತೆ. ಸ್ವಯಂಭೂಲಿಂಗಗಳ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದು ಅಪರಿಚಿತವಾದ ಧಾಟಿಯಲ್ಲ. ಈ ಪವಾಡವನ್ನು ದೃಢಪಡಿಸಿ, ಯಾತ್ರಿಕರಿಗೆ ಪೂರ್ಣಪಾಪದಂಡಕ್ಷಮೆಯನ್ನು ಅನುಗ್ರಹಿಸುವ ಎಂಟನೆಯ ಲಿಯೋ ಪೋಪನ ೯೬೪ನೆಯ ವರ್ಷದ ನಿರೂಪವೊಂದು ಬಹುಕಾಲ ಆಧಾರವಾಗಿದ್ದಿತು. ಆದರೆ ಅದು ಕೂಟಲೇಖ್ಯ, ಪಾಶ್ಚಾತ್ಯ ಪಂಡಿತರು ಅದನ್ನು ಈಗ ನಿಜವೆಂದು ಗಣಿಸುವುದಿಲ್ಲ. ಕೂಟಶಾಸನವನ್ನು ಮಾಡಿದವರಿಗೆ ಮನುವು ವಧದಂಡವನ್ನೇ ವಿಧಿಸಿರುವನು; ವಿಧಿಸಬೇಕಾಗಿ ಬಂದುದರಿಂದಲೇ ಆ ಕೈಕೆಲಸವು ನಮ್ಮಲ್ಲಿಯೂ ಇದ್ದಿತೆಂದು ಊಹಿಸಬಹುದು.

ಹಾಗಾದರೆ ಈ ನಿರೂಪವನ್ನು ಎಸೆದುಬಿಡೋಣವೇ? ಕೂಡದು. ಪುರಾಣವು ತಾನು ಹೇಳುವ ಕಾಲಕ್ಕೆ ಪ್ರಮಾಣವಲ್ಲ. ತನ್ನನ್ನು ಹೇಳಿದವರ ಕಾಲಕ್ಕೆ ಪ್ರಮಾಣ. ೯೪೮ರಲ್ಲಿ ಏನು ನಡೆಯಿತೆಂಬುದನ್ನು ಆ ಪತ್ರದಿಂದ ತಿಳಿಯಲಾಗದು. ಆದರೆ ಅದರ ಫಲ ಮಾತ್ರ ಕಣ್ಣಿಗೆ ಕಾಣುವಂತಿದೆ. ೧೪೬೬ರಲ್ಲಿ ಸೆಪ್ಟೆಂಬರ್ ೧೪ ಭಾನುವಾರವೇ ಬಂದುದರಿಂದ ಪ್ರತಿಷ್ಠೋತ್ಸವವು ಮಹೋತ್ಸವವಾಗಿ ನಡೆಯಿತು. ಹದಿನಾಲ್ಕು ದಿನಗಳಲ್ಲಿ ೧,೩೦,೦೦೦ ಯಾತ್ರಾಮುದ್ರೆಗಳು ಮಾರಾಟವಾದುವೆಂದು ಲೆಕ್ಕವಿರುವುದು. ಇ. ಎಸ್. ಎಂಬ ಅಕ್ಷರಗಳಿಂದ ಮಾತ್ರವೇ ಗುರುತಿಸಲ್ಪಡುವ ಚಿತ್ರಕಾರನೊಬ್ಬನು ಅದೇ ವರ್ಷ ಅಲ್ಲಿಯ ದೇವಮಾತೆಯ ಚಿತ್ರವನ್ನು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚಿಳಿಸಿದನು.

ಈ ಯಾತ್ರೆಯ ಬಲವಿಲ್ಲದಿದ್ದರೆ ಮಠವು ಉಳಿಯುತ್ತಿದ್ದಿತೋ ಇಲ್ಲವೋ! ಅದಕ್ಕೆ ಬಂದ ವಿಪತ್ತುಗಳು ಒಂದೆರಡಲ್ಲ. ಹುಲ್ಲುಗಾವಲಿನ ಎಲ್ಲೆಗಾಗಿ ಷ್ವೀಟ್ಸಿನ ರೈತರಿಗೂ ಮಠಕ್ಕೂ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ವ್ಯಾಜ್ಯವಿದ್ದು, ೧೩೧೪ನೆಯ ಜನವರಿಯ ಒಂದು ರಾತ್ರಿ ರೈತರು ಮಠಕ್ಕೆ ನುಗ್ಗಿ ಸಂನ್ಯಾಸಿಗಳನ್ನು ಸೆರೆಯೊಯ್ದರು. ಆ ಸೆರೆಯವರೊಳಗೊಬ್ಬನಾದ ಮಠದ ಉಪಾಧ್ಯಾಯ ರೂಡಾಲ್ಫ್ ಫಾನ್ ರಾಡೆಗ್ಗನು ಅದನ್ನೆಲ್ಲ ಲ್ಯಾಟಿನ್ ಕಾವ್ಯವಾಗಿ ರಚಿಸಿರುವನು. ಕಂಡುಂಡುದನ್ನು ಕವಿಯೇ ಬರೆದಿಟ್ಟ ಇಂತಹ ಗ್ರಂಥವು ಚರಿತ್ರಕಾರನಿಗೆ ಅಪೂರ್ವವಾದ ಲಾಭ. ಮಠದ ರಕ್ಷಣಾಧಿಕಾರವು ಹಾಪ್ಸ್‌ಬುರ್ಗ್ ವಂಶದವರದಾಗಿದ್ದುದರಿಂದ, ಮರುವರ್ಷ ಮಾರ್ಗಾರ್ಟೆನ್ನಿನಲ್ಲಿ ನಡೆದ ಯುದ್ಧಕ್ಕೆ ಇದೂ ಒಂದು ಕಾರಣವಾಯಿತು. ಎಲ್ಲೆಯ ಜಗಳವು ತೀರಿದುದು ೧೩೫೦ರಲ್ಲಿ.

ಹದಿನಾರನೆಯ ಶತಮಾನದಲ್ಲಿ ಕೇಡು ಒಳಗಿನಿಂದಲೇ ಹುಟ್ಟಿತು. ಉನ್ನತ ಕುಲದ ಪ್ರಭುಪುತ್ರರಿಗೆ ಮಾತ್ರವೇ ದೀಕ್ಷೆಕೊಡುವ ಕಟ್ಟಳೆಯಿಂದ ಸಂನ್ಯಾಸಿಗಳ ಸಂಖ್ಯೆಯು ಬೆರಳೆಣಿಕೆಗೆ ಇಳಿದಿದ್ದಿತು. ೧೫೧೬ರಿಂದ ೧೫೧೮ರವರೆಗೆ ಅಲ್ಲಿ ಪುರೋಹಿತನಾಗಿದ್ದ ಜ್ವಿಂಗ್ಲಿಯೇ ಮುಂದೆ ಜ್ಯೂರಿಕ್ಕಿನಲ್ಲಿ ಮತಸುಧಾರಣೆಯ ನಾಯಕನಾದನು. ಮಠದ ಆಡಳಿತಗಾರನಾದ ಗೆರೋಲ್ಡ್‌ಸೆಕ್ಕನೂ ಅವನನ್ನೇ ಹಿಂಬಾಲಿಸಿದನು. ೧೫೨೬ರಲ್ಲಿ ಷ್ವೀಟ್ಸಿನವರು, ಹಿಂದೆ ಮಠವನ್ನು ಸುಲಿದವರ ವಂಶದವರೇ, ಸೇಂಟ್ ಗಾಲ್ ಮಠದಿಂದ ಲೂಡ್ವಿಗ್ ಬ್ಲಾರೆರನನ್ನು ಕರೆತಂದು ಪೀಠದಲ್ಲಿ ಕೂಡಿಸಿ ಅದನ್ನು ಉದ್ಧರಿಸಿದರು. ಕುಲನಿಯಮವು ಸಡಿಲಿದ ಬಳಿಕವೇ ಮಠವು ಮತ್ತೆ ಚಿಗುರಿತು.

ಈಗಿನ ಭವ್ಯವಾದ ಕಟ್ಟಡವು ೧೭೦೪ರಲ್ಲಿ ಆರಂಭವಾದುದು. ಅದರ ಯೋಜಕನಾದ ಕಾಸ್ಪರ್ ಮೋಸ್‌ಬ್ರುಗ್ಗರನು ಆ ಮಠದ ಸೋದರನೇ ಆಗಿದ್ದು, ಗುಡಿಯು ಮುಗಿಯುವ ಮೊದಲೇ, ೧೭೨೩ರಲ್ಲಿ ತೀರಿಕೊಂಡನು. ಪ್ರತಿಷ್ಠೆಯು ೧೭೩೫ರಲ್ಲಿ ಆಯಿತು. ಮಠದ ಪುಸ್ತಕಭಂಡಾರವು ಪ್ರತ್ಯೇಕ ಲೇಖನಕ್ಕೆ ಅರ್ಹವಾದುದರಿಂದ ಇಲ್ಲಿ ಒಂದನ್ನೇ ಹೇಳುವೆನು: ಹತ್ತನೆಯ ಶತಮಾನದ ಗೀತಸಂಪುಟವೊಂದರಲ್ಲಿ, ಸ್ವರಗಳ ಏರಿಳಿತವನ್ನು ಸೂಚಿಸುವ ಚಿಹ್ನೆಗಳು ಅಕ್ಷರಗಳ ಮೇಲೆ ಬರೆದಿವೆ. ವೇದದ ಸಸ್ವರಪ್ರತಿಗಳನ್ನು ಬಲ್ಲವರಿಗೆ ಅದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಕಡೆಯದಾಗಿ ವಿಗ್ರಹದ ಮಾತು. ಮೈನ್ರಾಡನು ಪೂಜಿಸುತ್ತಿದ್ದುದು ಇದೇ ಎಂದು ಭಕ್ತರ ನಂಬಿಕೆ. ಆದರೆ ಶಿಲ್ಪದ ರೀತಿಯಿಂದ ಇದು ಹದಿನೈದನೆಯ ಶತಮಾನದ ನಡುವಿನದೆಂದು ಸ್ಪಷ್ಟವಾಗಿರುವುದು. ೧೪೬೫ರ ಬೆಂಕಿಯ ಮೊದಲು ಅಲ್ಲಿದ್ದುದು ಬೇರೊಂದು ವಿಗ್ರಹ. ಈಗಿನ ದೇವಮಾತೆಯ ಮುಖವು ಕಪ್ಪು. ಈ ಕಪ್ಪಿಗೆ ಗೂಢಾರ್ಥಗಳನ್ನು ಕಲ್ಪಿಸಿದವರು ಅನೇಕರು. ಪ್ರಾಚೀನ ಭೂದೇವಿಯೆಂದೂ ಕೆಲವರು ಹೇಳುವುದುಂಟು. ಆದರೆ ಸಾಕ್ಷಿಯು ಬೇರೆಯೇ ಆಗಿದೆ. ೧೭೯೮ರಲ್ಲಿ ಫ್ರೆಂಚರ ಸೈನ್ಯವು ಬಂದು ಪುಣ್ಯಮಂದಿರವನ್ನು ಕೆಡವಿತು. ಅದಕ್ಕೂ ಮುಂಚೆಯೇ ಸಂನ್ಯಾಸಿಗಳು ವಿಗ್ರಹವನ್ನು ಗುಪ್ತವಾಗಿ ಸಾಗಿಸಿದ್ದರು. ಅದು ಆಸ್ಟ್ರಿಯದ ಬ್ಲುಡೆಂಟ್ಸ್ ಪಟ್ಟಣವನ್ನು ಸೇರಲು, ೧೭೯೯ರಲ್ಲಿ ಯೋಹಾನ್ ಆಡಮ್ ಫ್ಯೂಟ್ಷರನೆಂಬ ಕುಶಲಿಯು ಅದನ್ನು ಶೋಧಿಸಿ ದುರಸ್ತುಮಾಡಿದನು. ಮುಖದ ಮೊದಲ ಬಣ್ಣವು ಮನುಷ್ಯರ ಮೈಬಣ್ಣವೇ ಆಗಿದ್ದು, ಶತಮಾನಗಳ ದೀಪ ಮತ್ತು ಮೇಣದ ಬತ್ತಿಗಳ ಹೊಗೆಯಿಂದ ಕರಿಯಾಯಿತೆಂದು ಅವನು ತಾನೇ ಬರೆದಿಟ್ಟಿರುವನು. ಆದರೆ ತೊಳೆದು ಬೆಳ್ಳಗಾದ ತಾಯಿಯನ್ನು ಜನರು ಗುರುತಿಸಲಾರರು. ಆದುದರಿಂದ ಅವನೇ ಮುಖಕ್ಕೆ ಮತ್ತೆ ಕಪ್ಪು ಬಣ್ಣವನ್ನು ಬಳಿದನು. ನಮ್ಮ ಗುಡಿಗಳ ಗರ್ಭಗೃಹದಲ್ಲಿ ಎಣ್ಣೆ ಮತ್ತು ಹೊಗೆಯ ಕೆಲಸವನ್ನು ಕಂಡವರು ಇದರಲ್ಲಿ ಸಂಶಯಪಡಲಾರರು.

ಎಂದಮೇಲೆ ಈ ಕಪ್ಪು ಎರಡು ಬಗೆಯದು: ಮೊದಲನೆಯದು ಭಕ್ತರ ದೀಪಗಳು ತಾವಾಗಿ ಬರೆದುದು, ಎರಡನೆಯದು ಒಬ್ಬನು ತಿಳಿದು ತಿಳಿದು ಬಳಿದುದು. ವಿಗ್ರಹವು ೧೮೦೩ರಲ್ಲಿ ತನ್ನ ಊರಿಗೆ ಹಿಂದಿರುಗಿತು. ಅದರ ಮಂದಿರವನ್ನು ೧೮೧೭ರ ವೇಳೆಗೆ ಮತ್ತೆ ಕಟ್ಟಿ ಮುಗಿಸಿದರು.