ಜಿರೋ ದಿತಾಲಿಯಾ 1914

ಜಿರೋ ದಿತಾಲಿಯಾ 1914 ಇಟಲಿಯ ಪ್ರಸಿದ್ಧ ರಸ್ತೆ ಸೈಕಲ್ ಸ್ಪರ್ಧೆಯ ಆರನೆಯ ಆವೃತ್ತಿ. ಇದು ಮೇ 24ರಿಂದ ಜೂನ್ 7ರವರೆಗೆ ಎಂಟು ಹಂತಗಳಲ್ಲಿ ನಡೆಯಿತು. ಮಿಲಾನ್ ನಗರದಲ್ಲಿ ಆರಂಭವಾಗಿ ಅಲ್ಲಿಯೇ ಮುಕ್ತಾಯಗೊಂಡ ಸ್ಪರ್ಧೆಯ ಒಟ್ಟು ದೂರ 3,162 ಕಿ.ಮೀ. ಹೊರಟ 81 ಸವಾರರಲ್ಲಿ ಗುರಿ ಮುಟ್ಟಿದವರು 8 ಮಂದಿ ಮಾತ್ರ. ಹೀಗಾಗಿ ಇದನ್ನು ಜಿರೋ ಇತಿಹಾಸದ ಅತ್ಯಂತ ಕಠಿಣ ಆವೃತ್ತಿಗಳಲ್ಲಿ ಒಂದೆಂದು ಪರಿಗಣಿಸಲಾಗುತ್ತದೆ.

ಹಿನ್ನೆಲೆ

ಲಾ ಗಝೆಟ್ಟಾ ಡೆಲ್ಲೊ ಸ್ಪೋರ್ಟ್ ಪತ್ರಿಕೆಯು ಈ ಸ್ಪರ್ಧೆಯನ್ನು 1909ರಲ್ಲಿ ಆರಂಭಿಸಿತು. ಮೊದಲ ಐದು ಆವೃತ್ತಿಗಳಲ್ಲಿ ಫಲಿತಾಂಶವನ್ನು ಅಂಕಗಳಿಂದ ನಿರ್ಧರಿಸಲಾಗುತ್ತಿತ್ತು. 1914ರಲ್ಲಿ ಮೊದಲ ಬಾರಿಗೆ ಎಲ್ಲ ಹಂತಗಳ ಒಟ್ಟು ಸಮಯವನ್ನು ಪರಿಗಣಿಸಲಾಯಿತು. ಇದರಿಂದ ದಾರಿಯಲ್ಲಿ ಕಳೆದುಕೊಂಡ ಪ್ರತಿ ನಿಮಿಷವೂ ಅಂತಿಮ ಸ್ಥಾನದ ಮೇಲೆ ಪರಿಣಾಮ ಬೀರುವಂತಾಯಿತು.

ಹಂತಗಳು

ಐದು ಹಂತಗಳು ತಲಾ 400 ಕಿ.ಮೀ.ಗಿಂತ ಉದ್ದವಾಗಿದ್ದವು. ಮಿಲಾನ್–ಕುನಿಯೊ ನಡುವಿನ ಮೊದಲ ಹಂತದಲ್ಲಿ ಮಳೆ ಹಾಗೂ ಸೆಸ್ಟ್ರಿಯೆರೆ ಘಟ್ಟದ ಹಿಮದಿಂದಾಗಿ ಅರ್ಧಕ್ಕಿಂತ ಹೆಚ್ಚು ಸವಾರರು ಹಿಂದೆ ಸರಿದರು. ಕೊಸ್ಟಾಂಟೆ ಜಿರಾರ್ಡೆಂಗೊ ಗೆದ್ದ ಲುಕ್ಕಾ–ರೋಮ್ ಹಂತದ ಉದ್ದ 430 ಕಿ.ಮೀ. ಇದು ಹೆಚ್ಚುಕಡಿಮೆ ಧಾರವಾಡದಿಂದ ಬೆಂಗಳೂರಿಗಿರುವ ರಸ್ತೆಯ ದೂರ. ಜಿರೋ ಇತಿಹಾಸದಲ್ಲಿ ಇದಕ್ಕಿಂತ ಉದ್ದದ ಹಂತ ನಡೆದಿಲ್ಲ.

ಫಲಿತಾಂಶ ಮತ್ತು ವಿವಾದ

ಐದನೆಯ ಹಂತದ ಬಳಿಕ ಮುನ್ನಡೆಯಲ್ಲಿದ್ದ ಜುಸೆಪ್ಪೆ ಅಝೀನಿ, ಬಾರಿ–ಲಾಕ್ವಿಲಾ ಹಂತದಲ್ಲಿ ಅಸ್ವಸ್ಥನಾಗಿ ನಿವೃತ್ತಿಹೊಂದಿದನು. ಮುನ್ನಡೆ ಅಲ್ಫೊನ್ಸೊ ಕಾಲ್ಝೊಲಾರಿಗೆ ದೊರೆಯಿತು. ಅದೇ ಹಂತದಲ್ಲಿ ಮೋಟಾರು ಕಾರಿನ ಆಸರೆ ಪಡೆದುದಕ್ಕಾಗಿ ಅವನಿಗೆ ಮೂರು ಗಂಟೆಗಳ ದಂಡ ವಿಧಿಸಲಾಯಿತು. ಇಟಲಿಯ ಸೈಕಲ್ ಒಕ್ಕೂಟವು ಅವನನ್ನು ಅನರ್ಹಗೊಳಿಸಬೇಕೆಂದು ಪಟ್ಟುಹಿಡಿದುದರಿಂದ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಕೊನೆಗೆ ಕಾಲ್ಝೊಲಾರಿಯ ಗೆಲುವೇ ಊರ್ಜಿತವಾಯಿತು. ಎರಡನೆಯ ಸ್ಥಾನ ಪಡೆದ ಪಿಯೆರಿನೊ ಅಲ್ಬೀನಿಗಿಂತ ಅವನು 1 ಗಂಟೆ 57 ನಿಮಿಷ 26 ಸೆಕೆಂಡುಗಳಷ್ಟು ಮುಂದಿದ್ದನು. ಮೊದಲ ಮಹಾಯುದ್ಧದ ಕಾರಣ ಸ್ಥಗಿತಗೊಂಡ ಸ್ಪರ್ಧೆಯು 1919ರಲ್ಲಿ ಪುನರಾರಂಭವಾಯಿತು.