ಶಿಶುಗಳ ಕೈಹೊಲಿಗೆ ಹಾಗೂ ಕ್ರೋಷಾ ಉಡುಪು: ಸುರಕ್ಷತಾ ಕ್ರಮಗಳು

ಶಿಶುವಿಗೆ ಕುಲಾವಿ, ಕುಂಚಿಗೆಗಳನ್ನು ಮನೆಯಲ್ಲಿಯೇ ಹೊಲಿಯುವ ಪದ್ಧತಿ ಕರ್ನಾಟಕದಲ್ಲಿ ಹಿಂದಿನಿಂದಲೂ ಇದೆ. ಬಳಸಿ ಮೆದುವಾದ ಹತ್ತಿ ಸೀರೆಯು ಇದಕ್ಕೆ ಸೂಕ್ತವಾಗಿರುತ್ತದೆ. ಬೆಂಗಳೂರು ದಂಡು ಪ್ರದೇಶದ ಶಿವಾಜಿನಗರ, ಕಮರ್ಷಿಯಲ್ ಸ್ಟ್ರೀಟ್ ಅಂಗಡಿಗಳಲ್ಲಿ ಹೊಸ ಬಟ್ಟೆ, ನೂಲು, ಉಣ್ಣೆ ಹಾಗೂ ಕ್ರೋಷಾ ಕಡ್ಡಿಗಳು ದೊರೆಯುತ್ತವೆ.

ಕ್ರೋಷಾ ಕಾಲುಚೀಲ, ಕೈಗವಸುಗಳ ಒಳಗಿನ ಸಡಿಲ ಎಳೆಯು ಶಿಶುವಿನ ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಲ್ಲಿ ರಕ್ತಸಂಚಾರ ಸ್ಥಗಿತಗೊಂಡು ಬೆರಳಿಗೇ ಅಪಾಯವಾಗಬಹುದು. ಆದುದರಿಂದ ತೊಡಿಸುವ ಮುನ್ನ ಒಳಭಾಗವನ್ನು ಹೊರಳಿಸಿ ಪರೀಕ್ಷಿಸಿ, ಸಡಿಲ ಎಳೆಗಳನ್ನು ಗಂಟು ಹಾಕಿ ಕತ್ತರಿಸತಕ್ಕದ್ದು. ಶಿಶುವು ಸಮಾಧಾನವಾಗದೆ ಅಳುತ್ತಿದ್ದಲ್ಲಿ ಬೆರಳುಗಳನ್ನು ಗಮನಿಸಬೇಕು. ಊದಿಕೊಂಡು ಬಣ್ಣ ಬದಲಾಗಿದ್ದಲ್ಲಿ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

3 ವರ್ಷದೊಳಗಿನ ಮಕ್ಕಳ ಉಡುಪಿಗೆ ಮಣಿ, ಗುಂಡಿಗಳನ್ನು ಹೊಲಿಯಬಾರದು. ಕಿತ್ತು ಬಂದಲ್ಲಿ ಗಂಟಲಿನಲ್ಲಿ ಸಿಲುಕುವ ಸಂಭವವಿದೆ. ಕುಲಾವಿಗೆ ಉದ್ದನೆಯ ದಾರವನ್ನು ಇಡಬಾರದು. ಅದು ಕುತ್ತಿಗೆಗೆ ಸುತ್ತಿಕೊಳ್ಳಬಹುದು.