ಹಳೆಯ ಪಿಕಪ್ ಗಾಡಿಯ ಗುರುತು ಮತ್ತು ಜೀರ್ಣೋದ್ಧಾರ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಹಳೆಯ ಗುಡಿಗಳನ್ನು ಕಂಡವರಿಗೆ ಒಂದು ಸಂಗತಿ ತಿಳಿದೇ ಇದೆ. ಗುಡಿ ಸೋರತೊಡಗಿತೆಂದು ಊರ ಹಿರಿಯರು ವಂತಿಗೆ ಕೂಡಿಸಿ, ಭಕ್ತಿಯಿಂದ ಜೀರ್ಣೋದ್ಧಾರಕ್ಕೆ ಕೈಯಿಕ್ಕುತ್ತಾರೆ. ಗೋಡೆಗೆ ಸುಣ್ಣ ಬಳಿಯುವವನ ಕುಂಚವು ಬಾಗಿಲ ಬದಿಯ ಶಾಸನದ ಕಲ್ಲಿನ ಮೇಲೆಯೂ ಹರಿದುಹೋಗುತ್ತದೆ. ಗುಡಿ ಬೆಳ್ಳಗಾಗುತ್ತದೆ, ಆದರೆ ಅದನ್ನು ಯಾರು ಕಟ್ಟಿಸಿದರು, ಯಾವ ಕಾಲದಲ್ಲಿ ಕಟ್ಟಿಸಿದರು ಎಂದು ಹೇಳುತ್ತಿದ್ದ ಕನ್ನಡ ಅಕ್ಷರಗಳು ಮುಚ್ಚಿಹೋಗುತ್ತವೆ. ಕೆಡಿಸಬೇಕೆಂದು ಯಾರೂ ಕೆಡಿಸಿದ್ದಲ್ಲ. ಓದುವ ಮೊದಲೇ ಬಳಿದುದರಿಂದ ಆದ ಹಾನಿ ಅದು.

ಗುಡಿಗೆ ಸಲ್ಲುವ ಈ ಮಾತು ಮೋಟಾರು ಗಾಡಿಗೂ ಸಲ್ಲುತ್ತದೆ ಎಂದರೆ ವಾಚಕರು ನಗಬಾರದು. ಹಳೆಯ ವಾಡೆಯ ಹಿತ್ತಿಲಲ್ಲಿಯೋ, ಅಂಗಡಿಯ ಹಿಂದಣ ತಗಡಿನ ಚಪ್ಪರದಲ್ಲಿಯೋ, ಹೊಟ್ಟು ಮೇವುಗಳ ನಡುವೆ ಮುಂಗಾಲಿ ಇಳಿದು ನಿಂತ ಒಂದು ಸಾಮಾನಿನ ಗಾಡಿ ಕಣ್ಣಿಗೆ ಬೀಳುವುದುಂಟು. ಮುಂದೆ ಇಬ್ಬರು ಕೂಡುವ ಆಸನ, ಹಿಂದೆ ತೆರೆದ ಪೆಟ್ಟಿಗೆ. ಅದಕ್ಕೆ ಎರಡು ಗತಿಗಳು ಕಾದಿರುತ್ತವೆ: ಒಂದು, ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುವುದು, ಇನ್ನೊಂದು, ಉತ್ಸಾಹಿ ತರುಣನೊಬ್ಬನ ಕೈಗೆ ಸಿಕ್ಕಿ, ತಿಕ್ಕಿ ತೀಡಿಸಿಕೊಂಡು, ಕೆಂಪು ಬಣ್ಣ ಹೊಡೆಸಿಕೊಂಡು, ತನ್ನ ಗುರುತನ್ನೇ ಕಳೆದುಕೊಳ್ಳುವುದು. ಈ ಎರಡಕ್ಕೂ ಸಿಕ್ಕದ ಮೂರನೆಯ ದಾರಿಯೊಂದಿದೆ. ಮೊದಲು ಗುರುತು, ಆಮೇಲೆ ದುರಸ್ತಿ ಎಂಬುದೇ ಆ ದಾರಿ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಈ ಜಾತಿಯ ಗಾಡಿಯ ಹುಟ್ಟನ್ನು ತಿಳಿಯೋಣ. ಅಮೇರಿಕೆಯ ಹೆನ್ರಿ ಫೋರ್ಡರು ೧೯೦೮ರಲ್ಲಿ ಮಾಡೆಲ್ ಟಿ ಎಂಬ ಅಗ್ಗದ ಕಾರನ್ನು ಮಾರಾಟಕ್ಕೆ ತಂದರು. ಅಲ್ಲಿಯ ಒಕ್ಕಲಿಗರು ಅದನ್ನು ಬರಿಯ ಸವಾರಿಗೆಂದು ಇಟ್ಟುಕೊಳ್ಳಲಿಲ್ಲ. ಹಿಂಭಾಗವನ್ನು ಬಿಚ್ಚಿ, ಮರದ ಪೆಟ್ಟಿಗೆಯನ್ನು ಕೂಡಿಸಿ, ಹಾಲು, ಕಾಳು, ಕೋಳಿಗಳನ್ನು ಸಂತೆಗೆ ಸಾಗಿಸತೊಡಗಿದರು. ಜನರು ತಾವಾಗಿ ಮಾಡಿಕೊಂಡ ಈ ಮಾರ್ಪಾಟನ್ನು ಕಂಡ ಕಂಪನಿಯು ೧೯೨೫ರ ಏಪ್ರಿಲ್ ತಿಂಗಳಲ್ಲಿ ತಾನೇ ಉಕ್ಕಿನ ಪೆಟ್ಟಿಗೆಯನ್ನು ಕೂಡಿಸಿದ ಗಾಡಿಯನ್ನು ಹೊರತಂದಿತು. ಬೆಲೆ ೨೮೧ ಡಾಲರು. ಪೆಟ್ಟಿಗೆಯ ಉದ್ದ ೫೬ ಅಂಗುಲ, ಅಗಲ ಸುಮಾರು ೪೦ ಅಂಗುಲ. ಹಿಂದಿನ ಬಾಗಿಲನ್ನು ಇಳಿಸಬಹುದಾಗಿತ್ತು. ಭಾರ ತಾಳಲೆಂದು ಹಿಂಗಾಲಿಗಳ ಮೇಲಣ ಕಮಾನು ಪಟ್ಟಿಗಳನ್ನು ಬಲಪಡಿಸಿದ್ದರು. ಕಂಪನಿಯು ಕಲಿಸಿದ್ದನ್ನು ಜನ ಕಲಿಯಲಿಲ್ಲ. ಜನರು ಮಾಡಿದ್ದನ್ನು ಕಂಪನಿ ಕಲಿಯಿತು. ದುಡಿಯುವವನ ಅಗತ್ಯದಿಂದ ಹುಟ್ಟಿದ ಗಾಡಿ ಇದು ಎಂಬುದನ್ನು ಮರೆಯಬಾರದು.

೧೯೨೭ರಲ್ಲಿ ಮಾಡೆಲ್ ಟಿ ನಿಂತಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಾಡೆಲ್ ಎ ಜನರ ಮುಂದೆ ಬಂದಿತು. ನಾಲ್ಕು ಸಿಲಿಂಡರು, ೪೦ ಅಶ್ವಶಕ್ತಿ, ಮುಂದಕ್ಕೆ ಮೂರು ಗೇರು, ನಾಲ್ಕು ಗಾಲಿಗಳಿಗೂ ಬ್ರೇಕು. ೧೯೩೧ರ ಕೊನೆಯವರೆಗೆ ಈ ಮಾದರಿಯ ಗಾಡಿಗಳು ಸುಮಾರು ೪೮ ಲಕ್ಷ ತಯಾರಾದವು. ಕಾರು, ಪಿಕಪ್ಪು ಎಂಬ ಹಲವು ಮೈಗಳು ಒಂದೇ ಅಡಿಚೌಕಟ್ಟಿನ ಮೇಲೆ ಕೂತವು. ಗುರುತಿಸುವವನಿಗೆ ತೊಡಕು ಹುಟ್ಟುವುದು ಇಲ್ಲಿಯೇ.

ಇನ್ನು ಈ ಗಾಡಿಗಳು ನಮ್ಮ ದೇಶಕ್ಕೆ ಬಂದ ಬಗೆ. ಬ್ರಿಟಿಷ್ ಸಾಮ್ರಾಜ್ಯದಲ್ಲಿ, ಬ್ರಿಟನ್ನನ್ನು ಬಿಟ್ಟು ಉಳಿದ ನಾಡುಗಳಿಗೆ ಫೋರ್ಡ್ ಗಾಡಿಗಳನ್ನು ಒದಗಿಸುವ ಹಕ್ಕು ಕೆನಡಾದ ಫೋರ್ಡ್ ಕಂಪನಿಗಿದ್ದಿತು. ಅದರ ಅಂಗಸಂಸ್ಥೆಯು ೧೯೨೬ರಲ್ಲಿ ಭಾರತದಲ್ಲಿ ಸ್ಥಾಪಿತವಾಯಿತು. ಜನರಲ್ ಮೋಟಾರ್ಸ್ ಕಂಪನಿಯು ೧೯೨೮ರಲ್ಲಿ ಮುಂಬಯಿಯ ಶಿವಡಿಯಲ್ಲಿ ಷೆವರ್ಲೆ ಗಾಡಿಗಳನ್ನು ಜೋಡಿಸತೊಡಗಿತು. ಬಿಡಿ ಭಾಗಗಳು ಹಡಗಿನಲ್ಲಿ ಬಂದು ಇಲ್ಲಿಯ ಕೆಲಸಗಾರರ ಕೈಯಲ್ಲಿ ಗಾಡಿಯಾಗುತ್ತಿದ್ದವು. ಸ್ವಾತಂತ್ರ್ಯಾನಂತರ, ಗಾಡಿಯ ಭಾಗಗಳನ್ನು ದೇಶದಲ್ಲಿಯೇ ತಯಾರಿಸದೆ ಬರಿದೆ ಜೋಡಿಸುವ ಕಂಪನಿಗಳಿಗೆ ಇಲ್ಲಿ ಅವಕಾಶವಿಲ್ಲ ಎಂಬ ಧೋರಣೆಯನ್ನು ಸರಕಾರವು ೧೯೫೩ರಲ್ಲಿ ತಳೆದುದರಿಂದ, ಈ ಎರಡೂ ಕಂಪನಿಗಳು ಆ ದಶಕದ ನಡುವಿನ ಹೊತ್ತಿಗೆ ತಮ್ಮ ಕೆಲಸವನ್ನು ನಿಲ್ಲಿಸಿದವು. ಗಾಡಿಗಳು ಉಳಿದವು, ಅವುಗಳ ಬಿಡಿ ಭಾಗಗಳು ದುರ್ಲಭವಾದವು. ಅಂದಿನಿಂದ ಒಂದು ಗಾಡಿಯ ಗೇರು ಇನ್ನೊಂದಕ್ಕೆ ಬಂತು, ಕಾರಿನ ಹಿಂಭಾಗ ಕತ್ತರಿಸಿ ಪಿಕಪ್ಪು ಆಯಿತು, ಒಡೆದ ಭಾಗಕ್ಕೆ ಊರ ಕಮ್ಮಾರನೇ ಹೊಸದನ್ನು ಕಾಸಿ ಬಡಿದು ಕೊಟ್ಟನು.

ಆದುದರಿಂದ ಗಾಡಿಯೊಂದು ಕಂಡಾಗ ಅದರ ಮೂತಿಯ ಮೇಲಿನ ಹೆಸರನ್ನು ನೋಡಿ ತೀರ್ಮಾನಿಸಬಾರದು. ಶಾಸನ ಓದುವವನು ಲಿಪಿ, ಭಾಷೆ, ಶಕವರ್ಷ, ಅರಸನ ಹೆಸರು ಈ ನಾಲ್ಕನ್ನೂ ತಾಳೆ ನೋಡುವಂತೆ ಇಲ್ಲಿಯೂ ಹಲವು ಸಾಕ್ಷಿಗಳನ್ನು ಕೂಡಿಸಬೇಕು.

ಮೊದಲನೆಯದು, ಎಂಜಿನ್ನು. ಸ್ಪಾರ್ಕ್ ಪ್ಲಗ್ಗುಗಳನ್ನು ಎಣಿಸಿದರೆ ಅರ್ಧ ಸಂದೇಹ ಕಳೆಯುತ್ತದೆ. ಫೋರ್ಡ್ ಮಾಡೆಲ್ ಎ ಗಾಡಿಗೆ ನಾಲ್ಕು. ೧೯೨೯ರಿಂದೀಚಿನ ಅದೇ ಕಾಲದ ಷೆವರ್ಲೆಗೆ ಆರು. ೧೯೩೨ರಲ್ಲಿ ಬಂದ ಫೋರ್ಡ್ ವಿ-೮ ಗಾಡಿಗೆ ಎಂಟು. ಮಾಡೆಲ್ ಎ ಎಂಜಿನ್ನಿನ ನೆತ್ತಿಯ ಮೇಲಿನ ಡಿಸ್ಟ್ರಿಬ್ಯೂಟರಿನಿಂದ ಪ್ಲಗ್ಗುಗಳಿಗೆ ತಂತಿಗಳಿಲ್ಲ; ಚಪ್ಪಟೆಯಾದ ಲೋಹದ ಪಟ್ಟಿಗಳಿವೆ. ಒಮ್ಮೆ ಕಂಡವರು ಇದನ್ನು ಮರೆಯಲಾರರು.

ಎರಡನೆಯದು, ಅಂಕೆ. ಎಂಜಿನ್ನಿನ ಎಡಮಗ್ಗುಲಲ್ಲಿ ಸಮತಟ್ಟಾದ ಸಣ್ಣ ಜಾಗದಲ್ಲಿ ಅಂಕೆಯನ್ನು ಒತ್ತಿರುತ್ತಾರೆ. ಅಮೇರಿಕೆಯಲ್ಲಿ ತಯಾರಾದುದಕ್ಕೆ ಮುಂದೆ ಎ ಎಂಬ ಅಕ್ಷರ, ಕೆನಡಾದ್ದಕ್ಕೆ ಸಿಎ ಎಂಬ ಅಕ್ಷರಗಳು. ಇದೇ ಅಂಕೆಯನ್ನು ಅಡಿಚೌಕಟ್ಟಿನ ಎಡಗಡೆಯ ಉದ್ದಪಟ್ಟಿಯ ಮೇಲೆಯೂ ಒತ್ತುತ್ತಿದ್ದರು. ಗಾಡಿಯ ಮೈ ಅದನ್ನು ಮುಚ್ಚಿರುವುದರಿಂದ ಮೈಯನ್ನು ಎತ್ತಿದಾಗಲೇ ಅದು ಕಾಣುತ್ತದೆ. ಎರಡೂ ಒಂದೇ ಆದರೆ ಎಂಜಿನ್ನು ಮತ್ತು ಅಡಿಚೌಕಟ್ಟು ಹುಟ್ಟಿನಿಂದ ಜೊತೆಗಿದ್ದವು ಎಂದರ್ಥ. ಬೇರೆಯಾದರೆ ಗಾಡಿ ಸುಳ್ಳೆಂದಲ್ಲ. ನಡುವೆ ಎಂಜಿನ್ನು ಬದಲಾಗಿದೆ, ಅಷ್ಟೆ. ಇನ್ನೊಂದು ಎಚ್ಚರ: ಅಂಕೆಯು ಎಂಜಿನ್ನು ತಯಾರಾದ ಕಾಲವನ್ನು ಹೇಳುತ್ತದೆ. ಹಡಗು ದಾಟಿ, ಇಲ್ಲಿ ಜೋಡಣೆಯಾಗಿ, ಮಾರಾಟವಾಗಿ, ನೋಂದಣಿಯಾಗುವ ಹೊತ್ತಿಗೆ ವರ್ಷ ಉರುಳಿರಬಹುದು. ಕಾಗದದ ವರ್ಷಕ್ಕೂ ಕಬ್ಬಿಣದ ವರ್ಷಕ್ಕೂ ಅಂತರ ಕಂಡೊಡನೆ ಮೋಸವೆಂದು ಕೂಗಬಾರದು.

ಮೂರನೆಯದು, ಅಳತೆ. ಮುಂಗಾಲಿಯ ನಡುವಿನಿಂದ ಹಿಂಗಾಲಿಯ ನಡುವಿನವರೆಗೆ ೧೦೩½ ಅಂಗುಲವಿದ್ದರೆ ಮಾಡೆಲ್ ಎ. ೧೩೧½ ಅಂಗುಲವಿದ್ದರೆ ಅದು ಮಾಡೆಲ್ ಎಎ ಎಂಬ ಭಾರದ ಲಾರಿಯ ಚೌಕಟ್ಟು. ಗಾಲಿಯ ವ್ಯಾಸ ೨೧ ಅಂಗುಲವಿದ್ದರೆ ೧೯೨೮-೨೯ರ ಕಡೆಗೂ, ೧೯ ಅಂಗುಲವಿದ್ದರೆ ೧೯೩೦-೩೧ರ ಕಡೆಗೂ ಕೈ ತೋರಿಸುತ್ತದೆ. ಆದರೆ ಗಾಲಿಗಳು ಸುಲಭವಾಗಿ ಬದಲಾಗುವ ವಸ್ತುಗಳು. ಅಲ್ಲದೆ ತೆರೆದ ಮೈಯ ಪಿಕಪ್ಪುಗಳಲ್ಲಿ ಹಳೆಯ ಮಾದರಿಯ ಮೈಯೇ ೧೯೩೦ರಲ್ಲಿಯೂ ಕೆಲವು ತಿಂಗಳು ಮುಂದುವರಿದಿತ್ತು. ಒಂದೇ ಗುರುತನ್ನು ನಂಬಿ ವರ್ಷ ಹೇಳುವವನು ಎಡವುತ್ತಾನೆ.

ನಾಲ್ಕನೆಯದು, ಗಾಯದ ಗುರುತು. ಕಾರನ್ನು ಕತ್ತರಿಸಿ ಮಾಡಿದ ಪಿಕಪ್ಪಿನಲ್ಲಿ ಬಾಗಿಲ ಹಿಂದೆ ಗರಗಸದ ಗೆರೆ, ಬೆಸುಗೆಯ ಗಂಟು, ಹಿಂದಿನ ಆಸನವನ್ನು ಬಿಗಿದಿದ್ದ ತೂತುಗಳು ಉಳಿದಿರುತ್ತವೆ. ಇಂಥದನ್ನು ಕಂಡು ಬೇಸರಪಡಬೇಕಾಗಿಲ್ಲ. ಅಮೇರಿಕೆಯ ಒಕ್ಕಲಿಗನು ೧೯೨೫ಕ್ಕೆ ಮೊದಲು ಮಾಡಿದ ಕೆಲಸವನ್ನೇ ನಮ್ಮ ಮಿಸ್ತ್ರಿಯೂ ಮಾಡಿದ್ದಾನೆ. ಅದನ್ನು ಕಾರ್ಖಾನೆಯ ಪಿಕಪ್ಪೆಂದು ಹೇಳಿ ಮಾರುವುದು ಮಾತ್ರ ಅಪರಾಧ.

ಐದನೆಯದು, ಕಾಗದಪತ್ರ. ಗಡಿನಾಡಿನವರಾದ ನಮಗೆ ಇದರಲ್ಲಿ ವಿಶೇಷ ಅರ್ಥವಿದೆ. ಅಕ್ಕಲಕೋಟೆ, ಜತ್ತ ಸಂಸ್ಥಾನಗಳು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು; ೧೯೬೦ರಲ್ಲಿ ಈ ಸೀಮೆ ಮಹಾರಾಷ್ಟ್ರ ರಾಜ್ಯದ ಭಾಗವಾಯಿತು. ಒಂದೇ ಚಪ್ಪರದಲ್ಲಿ ನಿಂತ ಗಾಡಿಯು ತಾನು ಕದಲದೆಯೇ ಮೂರು ಆಡಳಿತಗಳನ್ನು ಕಂಡಿರಬಹುದು. ಅದರ ತೆರಿಗೆ ಚೀಟಿ, ವಿಮಾಪತ್ರ, ನೋಂದಣಿ ಪುಸ್ತಕಗಳನ್ನು ರದ್ದಿಗೆ ಹಾಕುವವನು ಮನೆತನದ ಚರಿತ್ರೆಯ ಹಾಳೆಯನ್ನೇ ಹರಿದಂತೆ.

ಗುರುತಾದ ಮೇಲೆ ಜೀರ್ಣೋದ್ಧಾರ. ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಭಾವಚಿತ್ರ ತೆಗೆಯಬೇಕು. ಬಿಚ್ಚಿದ ಪ್ರತಿಯೊಂದು ಭಾಗಕ್ಕೂ ಚೀಟಿ ಕಟ್ಟಿ, ಒಂದು ವಹಿಯಲ್ಲಿ ಬರೆದಿಡಬೇಕು. ಬಹುಕಾಲ ನಿಂತ ಎಂಜಿನ್ನನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿ ಹೊತ್ತಿಸುವ ಸಾಹಸ ಕೂಡದು. ಒಳಗೆ ತುಕ್ಕು ಹಿಡಿದ ಪಿಸ್ಟನ್ನು ಮುರಿಯುತ್ತದೆ. ಪ್ಲಗ್ಗುಗಳನ್ನು ತೆಗೆದು, ಸಿಲಿಂಡರುಗಳಲ್ಲಿ ತೆಳುವಾದ ಎಣ್ಣೆ ಬಿಟ್ಟು, ಕೆಲವು ದಿನ ತಾಳಿ, ಆಮೇಲೆ ಕೈಯಿಂದ ಮೆಲ್ಲನೆ ತಿರುಗಿಸಬೇಕು. ಮುಂದೆ ಹ್ಯಾಂಡಲು ಹಾಕಿ ಚಾಲೂ ಮಾಡುವಾಗ, ಸ್ಟಿಯರಿಂಗಿನ ಕೆಳಗಿನ ಕಿಡಿಯ ಸನ್ನೆಗೋಲನ್ನು ತಡವಾಗಿ ಕಿಡಿ ಬೀಳುವ ಕಡೆಗೆ ಸರಿಸದಿದ್ದರೆ ಹ್ಯಾಂಡಲು ಹಿಂದಕ್ಕೆ ಒದ್ದು ಮಣಿಕಟ್ಟನ್ನು ಮುರಿದೀತು.

ಮಾಡೆಲ್ ಎ ಗಾಡಿಯ ಪೆಟ್ರೋಲಿನ ತೊಟ್ಟಿ ಗಾಜಿನ ಮುಂದೆ, ಸವಾರನ ಮೊಣಕಾಲಿನ ಎದುರಿಗೇ ಇದೆ. ಪಂಪಿಲ್ಲ; ಎಣ್ಣೆ ತಾನಾಗಿ ಇಳಿದುಬರುತ್ತದೆ. ತೂತು ಬಿದ್ದರೆ ಅದನ್ನು ಹಾಗೆಯೇ ಬೆಸೆಯಹೋಗಬಾರದು. ಬರಿದಾದಂತೆ ಕಂಡ ತೊಟ್ಟಿಯಲ್ಲಿಯೂ ಉಳಿದ ಆವಿ ಸಿಡಿಯಬಲ್ಲುದು. ಇದರ ವಿದ್ಯುತ್ತು ೬ ವೋಲ್ಟಿನದು. ಬ್ಯಾಟರಿಯ ಧನಾಗ್ರವನ್ನು ಚೌಕಟ್ಟಿಗೆ ಕಟ್ಟಬೇಕು. ಇಂದಿನ ಗಾಡಿಗಳ ರೂಢಿಯಂತೆ ಋಣಾಗ್ರವನ್ನು ಕಟ್ಟಿ ಕೆಡಿಸುವವರಿದ್ದಾರೆ. ಬ್ರೇಕಿನಲ್ಲಿ ಎಣ್ಣೆಯಿಲ್ಲ, ಕಬ್ಬಿಣದ ಸರಳುಗಳೇ ಎಳೆಯುತ್ತವೆ. ಹಳೆಯ ಬ್ರೇಕಿನ ಪಟ್ಟಿಗಳಲ್ಲಿ ಕಲ್ನಾರು ಇರುವುದರಿಂದ ಆ ಧೂಳನ್ನು ಊದಿ ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಎಂಜಿನ್ನಿನ ಒಳಗಣ ಬೇರಿಂಗುಗಳು ಕರಗಿಸಿ ಎರೆದ ಮೆತ್ತನೆಯ ಲೋಹದವು. ಅದನ್ನು ಎರೆದು ಕೂಡಿಸಬಲ್ಲ ಹಿರಿಯ ಮಿಸ್ತ್ರಿ ಸಿಕ್ಕಿದರೆ, ಅವರಿಂದ ಕೆಲಸ ಮಾಡಿಸುವುದಷ್ಟೇ ಅಲ್ಲ, ಮನೆಯ ಹುಡುಗನೊಬ್ಬನನ್ನು ಅವರ ಬಳಿ ಕಲಿಯಲು ನಿಲ್ಲಿಸಬೇಕು.

ಕಾಯಿದೆಯ ಮಾತೂ ಒಂದಿದೆ. ೫೦ ವರ್ಷ ಮೀರಿದ ಹಳೆಯ ವಾಹನಗಳ ನೋಂದಣಿಗಾಗಿ ಕೇಂದ್ರ ಸರಕಾರವು ೨೦೨೧ರ ಜುಲೈಯಲ್ಲಿ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಹೊಸ ನೋಂದಣಿಗೆ ೨೦,೦೦೦ ರೂಪಾಯಿ ಶುಲ್ಕ, ೧೦ ವರ್ಷದ ಅವಧಿ, ಸಂಖ್ಯೆಯಲ್ಲಿ ವಿಎ ಎಂಬ ಅಕ್ಷರಗಳು. ಗಾಡಿ ಮೂಲರೂಪದಲ್ಲಿರಬೇಕು, ಚೌಕಟ್ಟು, ಮೈ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಟು ಆಗಿರಬಾರದು. ಈ ನಿಯಮಗಳನ್ನು ಮಾಡಿರುವುದು ಖಾಸಗಿ ಬಳಕೆಯ ವಾಹನಗಳಿಗಾಗಿ. ಆದುದರಿಂದ ಸಾಮಾನಿನ ಗಾಡಿಯುಳ್ಳವರು ಹಣ ವೆಚ್ಚ ಮಾಡುವ ಮೊದಲೇ ನೋಂದಣಿ ಪುಸ್ತಕದಲ್ಲಿ ಅದು ಯಾವ ವರ್ಗದಲ್ಲಿದೆಯೆಂದು ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ಅರಸನ ಕಾರಿಗೆ ಸಲ್ಲುವ ಮನ್ನಣೆ ಜೋಳ ಹೊತ್ತ ಗಾಡಿಗೆ ತಾನಾಗಿ ಬರುವುದಿಲ್ಲ. ಅದರ ಚರಿತ್ರೆಯನ್ನು ಉಳಿಸುವ ಹೊಣೆ ಮನೆಯವರದೇ.

ಕೊನೆಗೆ ಬಣ್ಣದ ವಿಷಯ. ಜೀರ್ಣೋದ್ಧಾರದಲ್ಲಿ ಎಲ್ಲಕ್ಕಿಂತ ಹೆಚ್ಚು ಹಾನಿಯಾಗುವುದು ಇಲ್ಲಿಯೇ. ಹಳೆಯ ಗಾಡಿಯ ಮೇಲೆ ಬಣ್ಣದ ಪದರಗಳು ಒಂದರ ಮೇಲೊಂದು ಇರುತ್ತವೆ. ಮರಳುಕಾಗದದಿಂದ ಒಮ್ಮೆಗೇ ಎಲ್ಲವನ್ನೂ ಉಜ್ಜಿಬಿಡದೆ, ಬಾಗಿಲ ಮೇಲೆ ಅಂಗೈಯಗಲದ ಜಾಗದಲ್ಲಿ ಒಂದೊಂದೇ ಪದರವನ್ನು ನಯವಾಗಿ ಬಿಡಿಸಿ ನೋಡಬೇಕು. ಅಲ್ಲಿ ಅಂಗಡಿಯ ಹೆಸರಿರಬಹುದು, ಊರ ಹೆಸರಿರಬಹುದು. ಆ ಹೆಸರು ಕನ್ನಡ ಅಕ್ಷರಗಳಲ್ಲಿದ್ದರೆ ಕೈ ನಿಲ್ಲಲಿ. ಒಂದು ಕಾಲದಲ್ಲಿ ಈ ಬೀದಿಯಲ್ಲಿ ವ್ಯಾಪಾರವು ಕನ್ನಡದಲ್ಲಿ ನಡೆಯುತ್ತಿತ್ತು, ಗಿರಾಕಿಗಳು ಆ ಫಲಕವನ್ನು ಓದಿ ಗಾಡಿಯನ್ನು ಕೈಮಾಡಿ ನಿಲ್ಲಿಸುತ್ತಿದ್ದರು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಉಳಿದ ಮೈಗೆಲ್ಲ ಹೊಸ ಬಣ್ಣ ಬಂದರೂ ಬಾಧೆಯಿಲ್ಲ. ಆ ಒಂದು ಬಾಗಿಲು ಇದ್ದಂತೆಯೇ ಇರಲಿ.

ಗಡಿನಾಡಿನ ಕನ್ನಡಿಗರ ಚರಿತ್ರೆ ಕಲ್ಲಿನ ಶಾಸನಗಳಲ್ಲಿ ಮಾತ್ರ ಇಲ್ಲ. ಅದು ವಹಿಗಳಲ್ಲಿದೆ, ತೆರಿಗೆ ಚೀಟಿಗಳಲ್ಲಿದೆ, ತುಕ್ಕು ಹಿಡಿದ ಬಾಗಿಲುಗಳಲ್ಲಿಯೂ ಇದೆ. ನಿಮ್ಮ ಹಿತ್ತಿಲಲ್ಲಿ ಅಂಥ ಗಾಡಿಯೊಂದಿದ್ದರೆ, ಗುಜರಿಯವನನ್ನು ಕರೆಯುವ ಮೊದಲು, ಬಣ್ಣದವನನ್ನು ಕರೆಯುವುದಕ್ಕೂ ಮೊದಲು, ಅದನ್ನು ಓಡಿಸಿದ ಅಜ್ಜನೋ ಕಾಕಾನೋ ಇನ್ನೂ ಇದ್ದರೆ ಅವರನ್ನು ಅದರ ಬಳಿ ಕುರ್ಚಿ ಹಾಕಿ ಕೂರಿಸಿರಿ. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಳ್ಳಿರಿ. ಜೀರ್ಣೋದ್ಧಾರದ ಮೊದಲ ಕೆಲಸ ಅದು. ಪಾನಾ ಹಿಡಿಯುವುದು ಅದರ ನಂತರ.